ದುರಂತ ನಾಯಕನ ಮರೆಯಲ್ಲಿ ನಿಂತವಳು: ಗ್ರೀಕ್ ರಂಗಭೂಮಿಯ ಸ್ತ್ರೀ ಮತ್ತು ನಮ್ಮ ವಿಮರ್ಶೆ

ಪ್ರಾಚೀನ ಗ್ರೀಸಿನ ದುರಂತ ನಾಟಕಗಳಲ್ಲಿ ಇಂದು ನಮಗೆ ಪೂರ್ಣವಾಗಿ ದೊರೆಯುವವು ಮೂವತ್ತೆರಡು. ಈ ಮೂವತ್ತೆರಡರಲ್ಲಿ ಸ್ತ್ರೀಪಾತ್ರವೇ ಇಲ್ಲದ ನಾಟಕ ಒಂದೇ ಒಂದು, ಸೊಫೋಕ್ಲಿಸನ ‘ಫಿಲಾಕ್ಟೆಟಿಸ್’. ಅರ್ಧಕ್ಕಿಂತ ಹೆಚ್ಚಿನವು ತಮ್ಮ ಹೆಸರನ್ನು ಒಬ್ಬ ಸ್ತ್ರೀಯಿಂದಲೋ ಸ್ತ್ರೀಯರ ಮೇಳದಿಂದಲೋ ಪಡೆದಿವೆ: ಅಂತಿಗೊನೆ, ಎಲೆಕ್ಟ್ರಾ, ಮೀಡಿಯಾ, ಹೆಕ್ಯುಬಾ, ಟ್ರೋಜನ್ ಸ್ತ್ರೀಯರು. ಹೀಗಿದ್ದೂ ಕನ್ನಡದ ತರಗತಿಗಳಲ್ಲಿ ಗ್ರೀಕ್ ರುದ್ರನಾಟಕವೆಂದ ಕೂಡಲೆ ವಿದ್ಯಾರ್ಥಿಗಳ ಉತ್ತರಪತ್ರಿಕೆಯಲ್ಲಿ ಮೊದಲು ಬರುವ ಪದ ‘ದುರಂತ ನಾಯಕ’. ಅದಕ್ಕೆ ಸಮನಾದ ಸ್ತ್ರೀಲಿಂಗ ಪದವೊಂದು ನಮ್ಮ ವಿಮರ್ಶೆಯಲ್ಲಿ ನೆಲೆನಿಂತಿಲ್ಲ. ‘ದುರಂತ ನಾಯಕಿ’ ಎಂದರೆ ಓದುಗರ ಮನಸ್ಸು ಚಲನಚಿತ್ರ ತಾರೆಯೊಬ್ಬಳ ಬದುಕಿನತ್ತ ಹೋಗುತ್ತದೆಯೇ ಹೊರತು ಕಾವ್ಯಮೀಮಾಂಸೆಯತ್ತ ಹೋಗುವುದಿಲ್ಲ.

ಇದು ಕೇವಲ ಒಂದು ಪದದ ಕೊರತೆಯಲ್ಲ. ಗ್ರೀಕ್ ನಾಟಕವು ಕನ್ನಡಕ್ಕೆ ಬಂದಾಗ ನಾವು ಅದರಿಂದ ಯಾವುದನ್ನು ಪಡೆದುಕೊಂಡೆವು, ಯಾವುದನ್ನು ಅಲ್ಲಿಯೇ ಬಿಟ್ಟೆವು ಎಂಬ ಪ್ರಶ್ನೆ ಇದರ ಹಿಂದೆ ಇದೆ. ನನ್ನ ಅಭಿಪ್ರಾಯವನ್ನು ಆರಂಭದಲ್ಲಿಯೇ ಹೇಳಿಬಿಡುತ್ತೇನೆ. ನಾವು ನಾಯಕನನ್ನು ತಂದುಕೊಂಡೆವು. ಆ ನಾಟಕಗಳು ಮನೆ ಮತ್ತು ನಗರಗಳ ಕಟ್ಟಳೆಯನ್ನು ಸ್ತ್ರೀಯ ಬಾಯಿಂದ ಪ್ರಶ್ನಿಸಿದ ರೀತಿಯನ್ನು ತರಲಿಲ್ಲ. ಇದರ ಪರಿಣಾಮ ಗ್ರೀಕ್ ನಾಟಕದ ಓದಿಗೆ ಮಾತ್ರ ಸೀಮಿತವಾಗಲಿಲ್ಲ. ರನ್ನ, ನಾಗಚಂದ್ರ, ಜನ್ನರ ಕಾವ್ಯಗಳ ಸ್ತ್ರೀಯರನ್ನು ನಾವು ಓದುವ ಕ್ರಮದ ಮೇಲೂ ಅದರ ನೆರಳು ಬಿದ್ದಿದೆ.

ಅಥೆನ್ಸಿನ ಮನೆ ಮತ್ತು ಕಾನೂನು

ಮೊದಲು ಆ ನಾಟಕಗಳು ಹುಟ್ಟಿದ ಸಮಾಜದ ಸ್ವರೂಪವನ್ನು ಗಮನಿಸಬೇಕು. ಕ್ರಿ.ಪೂ. ಐದನೆಯ ಶತಮಾನದ ಅಥೆನ್ಸ್ ಪ್ರಜಾಪ್ರಭುತ್ವದ ತೊಟ್ಟಿಲೆಂದು ಹೆಸರಾಗಿದೆ. ಆದರೆ ಅಲ್ಲಿಯ ಜನಸಭೆಯಲ್ಲಿ ಮಾತನಾಡುವ, ಮತ ಹಾಕುವ, ನ್ಯಾಯಮಂಡಳಿಯಲ್ಲಿ ಕೂರುವ ಹಕ್ಕು ಪೌರ ಪುರುಷರಿಗೆ ಮಾತ್ರ ಇತ್ತು. ಪೌರ ಕುಟುಂಬದ ಹೆಣ್ಣಿಗೆ ಜೀವನಪರ್ಯಂತ ಒಬ್ಬ ಪೋಷಕ ಪುರುಷನಿರುತ್ತಿದ್ದ. ಆತನನ್ನು ‘ಕ್ಯೂರಿಯೋಸ್’ ಎನ್ನುತ್ತಿದ್ದರು. ಮೊದಲು ತಂದೆ, ಮದುವೆಯಾದ ಮೇಲೆ ಗಂಡ, ಅವರಿಲ್ಲದಿದ್ದರೆ ಸಹೋದರ ಅಥವಾ ಮಗ. ಮನುಸ್ಮೃತಿಯ ವ್ಯವಸ್ಥೆಯನ್ನು ಬಲ್ಲ ಭಾರತೀಯ ಓದುಗರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಒಂದು ಮೆದಿಮ್ನೋಸ್, ಎಂದರೆ ಸುಮಾರು 52 ಲೀಟರ್ ಅಳತೆಯ ಜವೆಗೋಧಿಯ ಬೆಲೆಗೆ ಮೀರಿದ ಯಾವ ವ್ಯವಹಾರವನ್ನೂ ಸ್ತ್ರೀ ತಾನೇ ಮಾಡುವಂತಿರಲಿಲ್ಲ. ಗಂಡುಮಕ್ಕಳಿಲ್ಲದೆ ತಂದೆ ಸತ್ತರೆ ಮಗಳು ಆಸ್ತಿಯ ಒಡತಿಯಾಗುತ್ತಿರಲಿಲ್ಲ. ಆಸ್ತಿಯ ಜೊತೆಯಲ್ಲಿ ಸಾಗುವ ‘ಎಪಿಕ್ಲೇರೋಸ್’ ಆಗುತ್ತಿದ್ದಳು. ತಂದೆಯ ಕಡೆಯ ಹತ್ತಿರದ ಬಂಧು ಅವಳನ್ನು ಮದುವೆಯಾಗುವ ಹಕ್ಕನ್ನು ಪಡೆಯುತ್ತಿದ್ದ.

ಕ್ರಿ.ಪೂ. 451ರಲ್ಲಿ ಪೆರಿಕ್ಲಿಸ್ ತಂದ ಕಾನೂನಿನಂತೆ ತಾಯಿ ತಂದೆಯರಿಬ್ಬರೂ ಅಥೆನ್ಸಿನವರಾಗಿದ್ದರೆ ಮಾತ್ರ ಮಗ ಪೌರನಾಗಬಹುದಿತ್ತು. ಇದರಿಂದ ಸ್ತ್ರೀಯ ಸ್ಥಾನ ವಿಚಿತ್ರವಾಯಿತು. ಅವಳಿಗೆ ಪೌರತ್ವದ ಹಕ್ಕುಗಳಿಲ್ಲ, ಆದರೆ ಪೌರತ್ವ ಹರಿದುಬರುವುದು ಅವಳ ಮೂಲಕವೂ ಹೌದು. ಅವಳಿಲ್ಲದೆ ನಗರವಿಲ್ಲ, ನಗರದಲ್ಲಿ ಅವಳಿಗೆ ದನಿಯಿಲ್ಲ. ಅದೇ ಪೆರಿಕ್ಲಿಸ್ ಯುದ್ಧದಲ್ಲಿ ಮಡಿದವರ ಅಂತ್ಯಕ್ರಿಯೆಯ ಭಾಷಣದಲ್ಲಿ, ಗಂಡಸರ ನಡುವೆ ಹೊಗಳಿಕೆಗಾಗಲಿ ತೆಗಳಿಕೆಗಾಗಲಿ ಆದಷ್ಟು ಕಡಿಮೆ ಸುದ್ದಿಯಾಗುವುದೇ ವಿಧವೆಯರಿಗೆ ಕೀರ್ತಿ ಎಂಬರ್ಥದ ಮಾತನ್ನು ಆಡಿದನೆಂದು ಥುಸಿಡಿಡೀಸ್ ದಾಖಲಿಸಿದ್ದಾನೆ.

ಹೆಣ್ಣಿನ ಬಗ್ಗೆ ಮಾತೇ ಏಳಬಾರದೆಂದು ಬಯಸುತ್ತಿದ್ದ ಇದೇ ನಗರ ಪ್ರತಿ ವಸಂತದಲ್ಲಿ ಡಯೊನಿಸಸ್ ದೇವತೆಯ ಹಬ್ಬದಂದು ಅಕ್ರೊಪೊಲಿಸ್ ಬೆಟ್ಟದ ದಕ್ಷಿಣದ ಇಳಿಜಾರಿನಲ್ಲಿ ಸಾವಿರಾರು ಸಂಖ್ಯೆಯಲ್ಲಿ ಕುಳಿತು ಹೆಣ್ಣಿನ ಮಾತನ್ನೇ ಕೇಳುತ್ತಿತ್ತು. ಆ ಮಾತನ್ನು ಬರೆದವರು ಗಂಡಸರು. ಮುಖವಾಡ ಧರಿಸಿ ಆಡಿದವರು ಗಂಡಸರು. ಮೇಳದವರೂ ತೀರ್ಪುಗಾರರೂ ಗಂಡಸರೇ. ಪ್ರೇಕ್ಷಕರಲ್ಲಿ ಸ್ತ್ರೀಯರಿದ್ದರೇ ಎಂಬುದು ವಿದ್ವಾಂಸರಲ್ಲಿ ಇಂದಿಗೂ ಚರ್ಚೆಯ ವಿಷಯ. ನಾಟಕದ ಕಾವ್ಯವು ಗಂಡಸರು, ಹೆಂಗಸರು, ಮಕ್ಕಳು, ಗುಲಾಮರು ಎಲ್ಲರನ್ನೂ ಒಲಿಸಿಕೊಳ್ಳುವ ವಾಕ್ಚಾತುರ್ಯವೆಂದು ಪ್ಲೇಟೊ ‘ಗೋರ್ಗಿಯಾಸ್’ನಲ್ಲಿ ಆಕ್ಷೇಪಿಸಿರುವುದು, ಇದ್ದರೆಂದು ವಾದಿಸುವವರಿಗೆ ಮುಖ್ಯ ಆಧಾರ. ಇದ್ದರೂ ಇಲ್ಲದಿದ್ದರೂ ನಾಟಕ ಯಾರನ್ನು ಉದ್ದೇಶಿಸಿ ಮಾತನಾಡುತ್ತಿತ್ತು ಎಂಬುದರಲ್ಲಿ ಸಂದೇಹವಿಲ್ಲ. ಅದು ಮರುದಿನ ಜನಸಭೆಯಲ್ಲಿ ಕೈಯೆತ್ತಬೇಕಾದ ಪುರುಷ ಪೌರರನ್ನು ಉದ್ದೇಶಿಸಿತ್ತು.

ರಂಗದ ಮೇಲೆ ಅವಳಾಡಿದ ಮಾತು

ಕ್ರಿ.ಪೂ. 458ರಲ್ಲಿ ಪ್ರದರ್ಶಿತವಾದ ಈಸ್ಕಿಲಸನ ‘ಒರೆಸ್ಟಿಯಾ’ ನಾಟಕತ್ರಯವನ್ನು ತೆಗೆದುಕೊಳ್ಳೋಣ. ಗಂಡ ಅಗಮೆಮ್ನಾನನನ್ನು ಕೊಂದ ಕ್ಲೈಟೆಮ್ನೆಸ್ಟ್ರಾ ಹೆಣದ ಬಳಿ ನಿಂತು ತನ್ನ ಕೃತ್ಯವನ್ನು ಬಹಿರಂಗವಾಗಿ ಸಮರ್ಥಿಸಿಕೊಳ್ಳುತ್ತಾಳೆ. ಯುದ್ಧದ ಹಡಗುಗಳಿಗೆ ಗಾಳಿ ಬೇಕೆಂದು ಮಗಳು ಇಫಿಜೆನಿಯಾಳನ್ನು ಬಲಿಕೊಟ್ಟಾಗ ಈ ನಗರದ ಹಿರಿಯರು ಎಲ್ಲಿದ್ದರು ಎಂಬುದು ಅವಳ ಪ್ರಶ್ನೆಯ ತಿರುಳು. ಮೂರನೆಯ ನಾಟಕದಲ್ಲಿ, ಅವಳನ್ನು ಕೊಂದ ಮಗ ಒರೆಸ್ಟಿಸನ ವಿಚಾರಣೆ ನಡೆಯುತ್ತದೆ. ಅಲ್ಲಿ ಅಪೊಲೊ ಮಂಡಿಸುವ ವಾದ ಇಡೀ ಕೃತಿಯ ಗಂಟು: ತಾಯಿ ಮಗುವಿನ ನಿಜವಾದ ಜನಕಳಲ್ಲ, ಬಿತ್ತಿದ ಬೀಜವನ್ನು ಕಾಯುವ ದಾದಿ ಮಾತ್ರ. ಮತಗಳು ಸಮನಾಗುತ್ತವೆ. ತಾಯಿಯಿಲ್ಲದೆ ತಂದೆಯ ತಲೆಯಿಂದ ಹುಟ್ಟಿದ ಅಥೆನಾ ದೇವಿಯ ಮತದಿಂದ ಒರೆಸ್ಟಿಸ್ ಪಾರಾಗುತ್ತಾನೆ. ನಗರದ ನ್ಯಾಯಾಲಯ ಸ್ಥಾಪನೆಯಾಗುವುದು ತಾಯಿಯ ರಕ್ತದ ಹಕ್ಕನ್ನು ಬದಿಗೆ ಸರಿಸಿ. ಈಸ್ಕಿಲಸ್ ಇದನ್ನು ವಿಜಯವೆಂದು ತೋರಿಸುತ್ತಾನೆ. ಆದರೆ ಕಳೆದುಕೊಂಡದ್ದು ಏನು ಎಂಬುದನ್ನು ಮರೆಮಾಚುವುದಿಲ್ಲ. ಸಿಟ್ಟಿಗೆದ್ದ ಎರಿನೀಸ್ ದೇವತೆಗಳನ್ನು ಒಲಿಸಿಕೊಳ್ಳಲು ಅಥೆನಾ ಪಡಬೇಕಾದ ಪ್ರಯಾಸವೇ ಅದಕ್ಕೆ ಸಾಕ್ಷಿ.

‘ಅಂತಿಗೊನೆ’ಯ ವಿಷಯದಲ್ಲಿ ನಮ್ಮ ಓದು ಇನ್ನೂ ಹೆಚ್ಚು ದಾರಿ ತಪ್ಪುತ್ತದೆ. ಕ್ರಿ.ಪೂ. 441ರ ಸುಮಾರಿನ ಈ ನಾಟಕವನ್ನು ವ್ಯಕ್ತಿಯ ಆತ್ಮಸಾಕ್ಷಿ ಮತ್ತು ಪ್ರಭುತ್ವದ ನಡುವಿನ ಸಂಘರ್ಷವೆಂದು ಬೋಧಿಸುತ್ತೇವೆ. ಅದು ತಪ್ಪಲ್ಲ, ಆದರೆ ಸಾಲದು. ನಮ್ಮ ಅನೇಕ ಸಮುದಾಯಗಳಲ್ಲಿ ಹೆಂಗಸರು ಸ್ಮಶಾನಕ್ಕೆ ಹೋಗುವ ರೂಢಿಯಿಲ್ಲ, ಉತ್ತರಕ್ರಿಯೆ ಮಗನ ಅಧಿಕಾರ. ಹಾಗಾಗಿ ಅಣ್ಣನ ಹೆಣಕ್ಕೆ ಮಣ್ಣು ಹಾಕುವ ಅಂತಿಗೊನೆ ಗಂಡಿನ ಕೆಲಸಕ್ಕೆ ಕೈಹಾಕಿದ ಬಂಡಾಯಗಾರ್ತಿಯೆಂದು ಕನ್ನಡ ವಿದ್ಯಾರ್ಥಿಗೆ ತೋರುವುದು ಸಹಜ. ಆದರೆ ಅಥೆನ್ಸಿನಲ್ಲಿ ಶವಕ್ಕೆ ಮೀಯಿಸುವುದು, ಸಿಂಗರಿಸುವುದು, ಹಾಡಿ ಅಳುವುದು ಮನೆಯ ಹೆಂಗಸರ ಕರ್ತವ್ಯವಾಗಿತ್ತು. ಆ ಅಳುವಿಗೂ ಸೊಲೊನನ ಕಾಲದಿಂದಲೇ ಕಾನೂನಿನ ಮಿತಿಗಳು ಬಿದ್ದಿದ್ದವು. ಎಂದರೆ ಅಂತಿಗೊನೆ ಹೆಣ್ಣಿನ ಧರ್ಮವನ್ನು ಮೀರಿದವಳಲ್ಲ. ಹೆಣ್ಣಿಗೆ ಸಮಾಜವೇ ವಿಧಿಸಿದ ಧರ್ಮವನ್ನು ಕೊನೆಯವರೆಗೆ ಪಾಲಿಸಿದವಳು. ನಗರವೇ ಒಪ್ಪಿಸಿದ ಕೆಲಸವನ್ನು ಮಾಡಿದ್ದಕ್ಕೆ ನಗರ ಅವಳನ್ನು ಕೊಲ್ಲುತ್ತದೆ. ಕ್ರಿಯಾನನೋ ಅದನ್ನು ಮತ್ತೆ ಮತ್ತೆ ಹೆಣ್ಣು ಗಂಡಿನ ಸೋಲು ಗೆಲುವಿನ ಮಾತಾಗಿಸುತ್ತಾನೆ. ಅವಳ ಸೋದರಮಾವನೂ ಈಗಿನ ಪೋಷಕನೂ ಮುಂದೆ ಮಾವನಾಗಬೇಕಾದವನೂ ಆದ ಒಬ್ಬನೇ ವ್ಯಕ್ತಿ ದೊರೆಯೂ ಆಗಿದ್ದಾನೆ. ಮನೆಯ ಯಜಮಾನಿಕೆ ಮತ್ತು ರಾಜ್ಯದ ಅಧಿಕಾರ ಒಂದೇ ಕೈಯಲ್ಲಿ ಸೇರಿದಾಗ ಹೆಣ್ಣಿಗೆ ಮೊರೆಯಿಡಲು ಇನ್ನೊಂದು ಬಾಗಿಲಿಲ್ಲ. ಇದನ್ನು ಬಿಟ್ಟು ಓದಿದರೆ ಅಂತಿಗೊನೆಯ ಜಾಗದಲ್ಲಿ ಒಬ್ಬ ಗಂಡುಮಗನನ್ನು ಇಟ್ಟರೂ ನಾಟಕ ನಡೆದೀತು ಎಂಬ ಭ್ರಮೆ ಹುಟ್ಟುತ್ತದೆ.

ಯೂರಿಪಿಡೀಸನ ‘ಮೀಡಿಯಾ’ ಪ್ರದರ್ಶನಗೊಂಡದ್ದು ಕ್ರಿ.ಪೂ. 431ರಲ್ಲಿ, ಪೆರಿಕ್ಲಿಸನ ಪೌರತ್ವ ಕಾನೂನಿನ ಇಪ್ಪತ್ತು ವರ್ಷಗಳ ನಂತರ. ಕೊರಿಂತ್ ನಗರದಲ್ಲಿ ನಡೆಯುವ ಕಥೆಯೇನೋ ಪುರಾಣದ್ದು. ಆದರೆ ಪರದೇಶದ ಹೆಂಡತಿಯನ್ನು ಬಿಟ್ಟು ಅರಸನ ಮಗಳನ್ನು ಮದುವೆಯಾಗುವ ಜೇಸನನ ಲೆಕ್ಕಾಚಾರ ಅಥೆನ್ಸಿನ ಪ್ರೇಕ್ಷಕನಿಗೆ ಅಪರಿಚಿತವಾಗಿರಲಾರದು. ಹಣ ತೆತ್ತು ಗಂಡನನ್ನು ಕೊಳ್ಳಬೇಕು, ಕೊಂಡವನು ಒಡೆಯನಾಗುತ್ತಾನೆ ಎಂದು ಮೀಡಿಯಾ ವರದಕ್ಷಿಣೆಯ ಸ್ವರೂಪವನ್ನು ವಿವರಿಸುತ್ತಾಳೆ. ಒಮ್ಮೆ ಹೆರುವುದಕ್ಕಿಂತ ಮೂರು ಬಾರಿ ರಣರಂಗದಲ್ಲಿ ನಿಲ್ಲುವುದೇ ಲೇಸು ಎಂಬರ್ಥದಲ್ಲಿ ಮಾತನಾಡುತ್ತಾಳೆ. ಯುದ್ಧವನ್ನೇ ಪೌರತ್ವದ ಪರಮ ಪರೀಕ್ಷೆಯೆಂದು ತಿಳಿದಿದ್ದ ಸಭೆಯ ಎದುರು, ಪೆಲೊಪೊನೇಸಿಯನ್ ಯುದ್ಧ ಆರಂಭವಾದ ವರ್ಷದಲ್ಲಿ ಈ ಮಾತು ಕೇಳಿಬಂತು. ಆ ವರ್ಷದ ಸ್ಪರ್ಧೆಯಲ್ಲಿ ಯೂರಿಪಿಡೀಸನಿಗೆ ದೊರೆತದ್ದು ಮೂರನೆಯ ಸ್ಥಾನ, ಎಂದರೆ ಕೊನೆಯ ಸ್ಥಾನ.

ಕ್ರಿ.ಪೂ. 416ರಲ್ಲಿ ಅಥೆನ್ಸಿನ ಸೈನ್ಯ ಮೀಲೊಸ್ ದ್ವೀಪವನ್ನು ಮುತ್ತಿತು. ಅದು ಶರಣಾದಾಗ ಗಂಡಸರನ್ನು ಕೊಂದು ಹೆಂಗಸರನ್ನೂ ಮಕ್ಕಳನ್ನೂ ಗುಲಾಮರನ್ನಾಗಿ ಮಾರಿತು. ಮುಂದಿನ ವಸಂತದಲ್ಲಿ ಯೂರಿಪಿಡೀಸ್ ‘ಟ್ರೋಜನ್ ಸ್ತ್ರೀಯರು’ ನಾಟಕವನ್ನು ಆಡಿಸಿದ. ಗೆದ್ದವರು ಸೋತವರ ಹೆಂಗಸರನ್ನು ಹಂಚಿಕೊಳ್ಳುವುದನ್ನು ಬಿಟ್ಟರೆ ಅದರಲ್ಲಿ ಹೆಚ್ಚಿನ ಕಥೆಯೇ ಇಲ್ಲ. ಮುದುಕಿ ಹೆಕ್ಯುಬಾ ಮೊಮ್ಮಗನ ಹೆಣವನ್ನು ಮಡಿಲಲ್ಲಿಟ್ಟುಕೊಂಡು ಅಳುತ್ತಾಳೆ. ಗೆದ್ದವರ ಮಕ್ಕಳೇ ಪ್ರೇಕ್ಷಕರಾಗಿ ಕುಳಿತಿದ್ದಾರೆ.

ಹಾಸ್ಯನಾಟಕವೂ ಇದರಿಂದ ದೂರವಿರಲಿಲ್ಲ. ಅರಿಸ್ಟೋಫನೀಸನ ‘ಲಿಸಿಸ್ಟ್ರಾಟಾ’ದಲ್ಲಿ (ಕ್ರಿ.ಪೂ. 411) ಹೆಂಗಸರು ಯುದ್ಧ ನಿಲ್ಲುವವರೆಗೂ ಗಂಡಂದಿರ ಹಾಸಿಗೆಯಿಂದ ದೂರವಿರುವ ಶಪಥ ಮಾಡಿ, ಖಜಾನೆಯಿರುವ ಅಕ್ರೊಪೊಲಿಸನ್ನು ವಶಪಡಿಸಿಕೊಳ್ಳುತ್ತಾರೆ. ಸಿಕ್ಕುಗಟ್ಟಿದ ಉಣ್ಣೆಯನ್ನು ಬಿಡಿಸುವ ಹಾಗೆ ರಾಜ್ಯದ ಸಿಕ್ಕನ್ನೂ ಬಿಡಿಸಬಹುದೆಂದು ನಾಯಕಿ ಅಧಿಕಾರಿಗೆ ಪಾಠ ಹೇಳುತ್ತಾಳೆ. ಆದರೆ ಶಾಂತಿ ಸ್ಥಾಪನೆಯಾದ ಕೂಡಲೆ ಎಲ್ಲರೂ ಗಂಡಂದಿರ ಕೈಹಿಡಿದು ಮನೆಗೆ ಮರಳುತ್ತಾರೆ. ನಗರದ ಕಟ್ಟಳೆಯಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ.

ಎರಡು ಅತಿಗಳು

ಈ ಎಲ್ಲವನ್ನೂ ಮುಂದಿಟ್ಟುಕೊಂಡು ಎರಡು ಬಗೆಯ ತೀರ್ಮಾನಗಳು ಕೇಳಿಬರುತ್ತವೆ. ಇಂತಹ ಪ್ರಬಲ ಸ್ತ್ರೀಪಾತ್ರಗಳನ್ನು ಸೃಷ್ಟಿಸಿದ ಗ್ರೀಕ್ ರಂಗಭೂಮಿ ಸ್ತ್ರೀಪರವಾಗಿತ್ತೆಂಬುದು ಒಂದು. ಗಂಡಸರೇ ಬರೆದು ಗಂಡಸರೇ ಆಡಿದ ಈ ಪಾತ್ರಗಳು ಪುರುಷರ ಭಯಗಳ ಮುಖವಾಡಗಳಷ್ಟೇ ಎಂಬುದು ಇನ್ನೊಂದು. ಫ್ರೋಮಾ ಜೈಟ್ಲಿನ್ ಅವರಂಥ ವಿದ್ವಾಂಸರು, ಗ್ರೀಕ್ ಪುರುಷ ತನ್ನನ್ನು ತಾನು ಅರಿಯಲು ಸ್ತ್ರೀಯನ್ನು ‘ಅನ್ಯ’ವಾಗಿ ಅಭಿನಯಿಸಿದನೆಂದು ಸೂಕ್ಷ್ಮವಾಗಿ ವಾದಿಸಿದ್ದಾರೆ. ನಿಕೋಲ್ ಲೊರೊ ಅವರು ದುರಂತ ನಾಟಕದ ಸ್ತ್ರೀಯರು ಸಾಯುವ ಬಗೆಯನ್ನೇ ಅಧ್ಯಯನ ಮಾಡಿದ್ದಾರೆ. ಯೊಕಾಸ್ಟಾ, ಫೀಡ್ರಾ, ಅಂತಿಗೊನೆ ಮೂವರೂ ನೇಣಿಗೆ ಕೊರಳೊಡ್ಡುತ್ತಾರೆ. ಮೂವರೂ ಪ್ರೇಕ್ಷಕರ ಕಣ್ಣಿಗೆ ಮರೆಯಾದ ಜಾಗದಲ್ಲಿ ಸಾಯುತ್ತಾರೆ. ಮಾತಿಗೆ ರಂಗ ಸಿಕ್ಕಿತು, ಸಾವಿಗೆ ಒಳಮನೆಯೇ ಗತಿಯಾಯಿತು.

ನನಗೆ ಈ ಎರಡೂ ತೀರ್ಮಾನಗಳು ಅರ್ಧದಾರಿಯಲ್ಲಿ ನಿಂತಂತೆ ತೋರುತ್ತವೆ. ಮೊದಲನೆಯದು ಪಾತ್ರದ ಬಲವನ್ನು ಸಮಾಜದ ಉದಾರತೆಯೆಂದು ತಪ್ಪು ತಿಳಿಯುತ್ತದೆ. ಕ್ಲೈಟೆಮ್ನೆಸ್ಟ್ರಾಳ ಮಾತು ಕೇಳಿದ ಯಾವ ಅಥೆನಿಯನ್ನನೂ ಮನೆಗೆ ಹೋಗಿ ಹೆಂಡತಿಗೆ ಆಸ್ತಿಯ ಹಕ್ಕು ಕೊಡಲಿಲ್ಲ. ಎರಡನೆಯದು ಮಾತು ಯಾರ ಬಾಯಿಂದ ಬಂತೆಂಬುದನ್ನೇ ನೋಡಿ, ಮಾತು ಏನು ಹೇಳಿತೆಂಬುದನ್ನು ಬಿಡುತ್ತದೆ. ಮುಖವಾಡದೊಳಗಿನ ಗಂಡಸು ವರದಕ್ಷಿಣೆಯ ಲೆಕ್ಕವನ್ನು ಹೆಣ್ಣಿನ ಕಡೆಯಿಂದ ಹೇಳಿದಾಗ, ಆ ಲೆಕ್ಕ ತಪ್ಪೆಂದು ಸಾಧಿಸುವ ಹೊಣೆ ಕೇಳಿದವನ ಮೇಲೆ ಬೀಳುತ್ತದೆ. ನ್ಯಾಯಾಲಯದಲ್ಲಿ ಬಾಯಿಬಿಡಲಾಗದವಳ ವಾದವನ್ನು ನಗರ ತನ್ನ ಹಬ್ಬದ ದಿನ, ತನ್ನದೇ ಖರ್ಚಿನಲ್ಲಿ ಕೇಳಿಸಿಕೊಂಡಿತು. ಕೇಳಿಯೂ ಬದಲಾಗಲಿಲ್ಲ. ಈ ಎರಡೂ ಸಂಗತಿಗಳನ್ನು ಒಟ್ಟಿಗೆ ಹಿಡಿದುಕೊಂಡಾಗ ಮಾತ್ರ ಗ್ರೀಕ್ ನಾಟಕ ಅರ್ಥವಾಗುತ್ತದೆ.

ಕನ್ನಡಕ್ಕೆ ಬಂದ ನಾಯಕ

ಈಗ ನಮ್ಮತ್ತ ತಿರುಗೋಣ. ಗ್ರೀಕ್ ರುದ್ರನಾಟಕವನ್ನು ಕನ್ನಡದ ಅನುಭವವಾಗಿಸಿದ ಕೀರ್ತಿ ಬಿ.ಎಂ. ಶ್ರೀಕಂಠಯ್ಯನವರದು. 1926ರ ‘ಗದಾಯುದ್ಧ ನಾಟಕಂ’, ಸೊಫೋಕ್ಲಿಸನ ‘ಏಜಾಕ್ಸ್’ ನಾಟಕವನ್ನು ಮಹಾಭಾರತದ ಆವರಣಕ್ಕೆ ತಂದ 1929ರ ‘ಅಶ್ವತ್ಥಾಮನ್’, ಈಸ್ಕಿಲಸನ ಅನುವಾದವಾದ 1935ರ ‘ಪಾರಸಿಕರು’ ಈ ಮೂರೂ ನಮ್ಮ ನಾಟಕ ಪರಂಪರೆಗೆ ಗಾಂಭೀರ್ಯ ತಂದ ಕೃತಿಗಳು. ಇದಕ್ಕೆ ಪೂರಕವಾಗಿ ಅವರು ಇಂಗ್ಲಿಷಿನಲ್ಲಿ ಬರೆದ ‘ಎ ಟ್ರಾಜಿಕ್ ರಾವಣ’ ಪ್ರಬಂಧ ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’ದ ರಾವಣನಲ್ಲಿ ಅರಿಸ್ಟಾಟಲ್ ಹೇಳುವ ದುರಂತ ನಾಯಕನನ್ನು ಗುರುತಿಸಿತು. ಜೈನ ಕವಿಗಳ ಕಾವ್ಯವನ್ನು ಧರ್ಮಗ್ರಂಥಗಳ ಕಪಾಟಿನಿಂದ ಹೊರತೆಗೆದು ವಿಶ್ವಸಾಹಿತ್ಯದ ಸಾಲಿನಲ್ಲಿ ನಿಲ್ಲಿಸಿದ ಆ ಓದಿಗೆ ನಾವೆಲ್ಲರೂ ಋಣಿಗಳು.

ಆದರೆ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿ: ದುರ್ಯೋಧನ, ಅಶ್ವತ್ಥಾಮ, ರಾವಣ. ಮೂವರೂ ಗಂಡಸರು, ಮೂವರೂ ಯೋಧರು. ಇದು ಆಕಸ್ಮಿಕವಲ್ಲ. ಗ್ರೀಕ್ ನಾಟಕ ನಮಗೆ ಬಂದದ್ದು ಅರಿಸ್ಟಾಟಲನ ‘ಕಾವ್ಯಮೀಮಾಂಸೆ’ಯ ಮೂಲಕ. ನಾಟಕಗಳ ಮಹಾಯುಗ ಮುಗಿದ ಹಲವು ದಶಕಗಳ ನಂತರ ಬರೆದ ಆ ಗ್ರಂಥ ದುರಂತಕ್ಕೆ ತಕ್ಕ ವ್ಯಕ್ತಿಗೆ ಉದಾಹರಣೆ ಕೊಡುವಾಗ ಈಡಿಪಸ್, ಥೈಸ್ಟೀಸರಂಥ ಪುರುಷರನ್ನು ಹೆಸರಿಸುತ್ತದೆ. ಹೆಣ್ಣಿನ ವಿಷಯಕ್ಕೆ ಬಂದಾಗ ಅವಳೂ ಒಳ್ಳೆಯವಳಾಗಿರಬಲ್ಲಳು, ಆದರೆ ಕೀಳು. ಶೌರ್ಯವೂ ಚಾತುರ್ಯವೂ ಅವಳಿಗೆ ಒಪ್ಪುವುದಿಲ್ಲ ಎಂಬ ಅಭಿಪ್ರಾಯ ಕೊಡುತ್ತದೆ. ಮೀಡಿಯಾಳನ್ನೂ ಕ್ಲೈಟೆಮ್ನೆಸ್ಟ್ರಾಳನ್ನೂ ಕಂಡ ರಂಗಭೂಮಿಯ ಬಗ್ಗೆ ಬರೆದ ಮಾತಿದು! ನಾವು ನಾಟಕಕ್ಕಿಂತ ಮೊದಲು ನಾಟಕದ ಲಕ್ಷಣವನ್ನು ಕಲಿತೆವು. ಲಕ್ಷಣಕಾರನ ಕುರುಡು ನಮ್ಮದೂ ಆಯಿತು.

ಪರಿಣಾಮಗಳನ್ನು ಒಂದೊಂದಾಗಿ ನೋಡಬಹುದು. ‘ಅಶ್ವತ್ಥಾಮನ್’ ಕುರಿತು ಪಾಠ ಮಾಡುವಾಗ ಪುರಾಣದ ಚಿರಂಜೀವಿಗೆ ಸಾವು ತಂದದ್ದು ಸರಿಯೇ ಎಂಬ ಪ್ರಶ್ನೆಯನ್ನು ತಪ್ಪದೆ ಎತ್ತುತ್ತೇವೆ. ಮೂಲದ ‘ಏಜಾಕ್ಸ್’ನಲ್ಲಿರುವ ಟೆಕ್ಮೆಸಾಳ ಪ್ರಶ್ನೆಯನ್ನು ಎತ್ತುವುದಿಲ್ಲ. ಅವಳು ಏಜಾಕ್ಸನ ವಿವಾಹಿತ ಪತ್ನಿಯಲ್ಲ. ಅವನೇ ಹಾಳುಮಾಡಿದ ಊರಿನಿಂದ ಗೆದ್ದು ತಂದ ಸೆರೆಯಾಳು, ಅವನ ಮಗನ ತಾಯಿ. ಅವನು ಸತ್ತರೆ ತಾನೂ ಮಗನೂ ಮತ್ತೆ ಯಾರದೋ ಸೊತ್ತಾಗುತ್ತೇವೆಂದು ಅವಳು ಬೇಡುತ್ತಾಳೆ. ಹೆಣ್ಣಿಗೆ ಮೌನವೇ ಭೂಷಣವೆಂಬ ಹಳೆಯ ಮಾತಿನಿಂದ ಅವನು ಅವಳ ಬಾಯಿ ಮುಚ್ಚಿಸುತ್ತಾನೆ. ವೀರನ ಮಾನ ಉಳಿಯುವ ಸಾವಿನ ಬೆಲೆಯನ್ನು ತೆರುವವಳು ಅವಳು. ಈ ಬೆಲೆಯ ಲೆಕ್ಕವಿಲ್ಲದೆ ಏಜಾಕ್ಸನ ದುರಂತ ಪೂರ್ಣವಾಗುವುದಿಲ್ಲ. ‘ಪಾರಸಿಕರು’ ನಾಟಕದಲ್ಲಿಯೂ ಹೀಗೆಯೇ. ಸೋಲಿನ ಸುದ್ದಿಯನ್ನು ಕೇಳಿಸಿಕೊಳ್ಳುವವಳು, ಸತ್ತ ಗಂಡನ ಪ್ರೇತವನ್ನು ಎಬ್ಬಿಸಲು ತರ್ಪಣ ತರುವವಳು, ಸೋತುಬರುವ ಮಗನಿಗೆ ಉಡುಪು ಒದಗಿಸಲು ಯೋಚಿಸುವವಳು ಶತ್ರುರಾಜನ ತಾಯಿ. ದೊರೆತಿರುವ ಗ್ರೀಕ್ ನಾಟಕಗಳಲ್ಲಿ ಅತ್ಯಂತ ಹಳೆಯದಾದ ಇದರ (ಕ್ರಿ.ಪೂ. 472) ಕೇಂದ್ರದಲ್ಲಿ ಒಬ್ಬ ಹೆಣ್ಣಿದ್ದಾಳೆಂಬುದನ್ನು ನಾವು ಪಾಠದಲ್ಲಿ ಹೇಳುವುದೇ ಅಪರೂಪ.

ನಾಗಚಂದ್ರನ ರಾವಣನ ವಿಷಯದಲ್ಲಿ ಈ ಕುರುಡು ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ರಾವಣನ ಮನಸ್ಸು ತಿರುಗುವುದು ಸೀತೆಯಿಂದ. ಅವನ ಬೆದರಿಕೆಗೆ ಜಗ್ಗದೆ, ರಾಮನ ಸಾವಿನ ಮಾತಿಗೇ ಮೂರ್ಛೆ ಹೋಗುವ ಸೀತೆಯನ್ನು ಕಂಡು ಅವನಲ್ಲಿ ಪಶ್ಚಾತ್ತಾಪ ಹುಟ್ಟುತ್ತದೆ. ಗೆದ್ದ ಮೇಲೆ ಅವಳನ್ನು ಹಿಂತಿರುಗಿಸುತ್ತೇನೆಂಬ ನಿರ್ಧಾರಕ್ಕೆ ಬರುತ್ತಾನೆ. ಆ ನಿರ್ಧಾರದೊಳಗೆ ಉಳಿದ ಅಭಿಮಾನವೇ ಅವನನ್ನು ಕೆಡಿಸುತ್ತದೆ. ಈ ಸಂದರ್ಭವನ್ನು ಕುರಿತು ‘ರಾವಣನ ಉದಾತ್ತತೆ’ ಎಂಬ ಶೀರ್ಷಿಕೆಯಲ್ಲಿ ಎಷ್ಟು ಪ್ರಬಂಧ ಬೇಕಾದರೂ ಬರೆಯುತ್ತೇವೆ. ಆ ತಿರುವನ್ನು ಸಾಧ್ಯಮಾಡಿದ ಸೀತೆಯ ನಿಲುವು ಅವನ ಉದಾತ್ತತೆಗೆ ಸಿಕ್ಕ ಒಂದು ನೆಪವಾಗಿಬಿಡುತ್ತದೆ. ಕ್ರಿಯೆ ಅವಳದು, ಹೆಸರು ಅವನದು.

ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನ ಮಹಾನುಭಾವತೆಗೆ ಮರುಗುವ ನಾವು, ಉಳಿದೊಬ್ಬ ಮಗನನ್ನಾದರೂ ಉಳಿಸಿಕೊಳ್ಳಲು ಸಂಧಿಯ ಮಾತಾಡುವ ಗಾಂಧಾರಿಯ ಬಳಿ ಎಷ್ಟು ಹೊತ್ತು ನಿಲ್ಲುತ್ತೇವೆ? ಅವಳನ್ನು ಹೆಕ್ಯುಬಾಳ ಪಕ್ಕದಲ್ಲಿಟ್ಟು ನೋಡಿದರೆ ಛಲದ ಮಹಿಮೆಯ ಜೊತೆಗೆ ಛಲದ ಖರ್ಚೂ ಕಾಣುತ್ತದೆ.

ಅಮೃತಮತಿ ಮತ್ತು ಫೀಡ್ರಾ

ಈ ವಾದಕ್ಕೆ ಅತ್ಯಂತ ಕಠಿಣ ಪರೀಕ್ಷೆ ಜನ್ನನ ‘ಯಶೋಧರ ಚರಿತೆ’ಯ (1209) ಅಮೃತಮತಿ. ರಾತ್ರಿ ಕೇಳಿಬಂದ ಹಾಡಿಗೆ ಮನಸೋತು, ಕುರೂಪಿಯಾದ ಮಾವುತನನ್ನು ಬಯಸಿ, ಕೊನೆಗೆ ಗಂಡನಿಗೂ ಅತ್ತೆಗೂ ವಿಷವಿಕ್ಕುವ ಈ ರಾಣಿಯನ್ನು ತರಗತಿಯಲ್ಲಿ ಹೇಗೆ ಓದುತ್ತೇವೆ? ಹಿಂದಿನ ತಲೆಮಾರು ಅವಳನ್ನು ಜಾರಿಣಿಯೆಂದು ಖಂಡಿಸಿ ಮುಗಿಸಿತು. ಇಂದಿನ ತಲೆಮಾರು ಅವಳನ್ನು ಸ್ವಾತಂತ್ರ್ಯದ ಪ್ರತೀಕವೆಂದು ಮೆಚ್ಚಿ ಮುಗಿಸುತ್ತದೆ. ಎರಡೂ ಓದುಗಳು ಕೃತಿಯ ಮುಕ್ಕಾಲು ಭಾಗವನ್ನು ಬಿಟ್ಟುಬಿಡುತ್ತವೆ.

ಯೂರಿಪಿಡೀಸನ ‘ಹಿಪಾಲಿಟಸ್’ (ಕ್ರಿ.ಪೂ. 428) ನಾಟಕದ ಫೀಡ್ರಾ ಇಲ್ಲಿ ಸಹಾಯಕ್ಕೆ ಬರುತ್ತಾಳೆ. ಮಲಮಗನ ಮೇಲೆ ಅವಳಲ್ಲಿ ಹುಟ್ಟುವ ಬಯಕೆ ಆಫ್ರೊಡೈಟಿ ದೇವತೆಯ ಸೇಡಿನ ಫಲ. ಬಯಕೆಯನ್ನು ಅವಳು ಆರಿಸಿಕೊಂಡವಳಲ್ಲ. ಆದರೆ ಸಾಯುವ ಮುನ್ನ ಬರೆದಿಟ್ಟ ಸುಳ್ಳು ಪತ್ರದಿಂದ ನಿರಪರಾಧಿಯನ್ನು ಕೊಲ್ಲಿಸುವುದು ಅವಳದೇ ಕೃತ್ಯ. ಬಯಕೆ ಮತ್ತು ಕೃತ್ಯಗಳನ್ನು ಯೂರಿಪಿಡೀಸ್ ಬೇರ್ಪಡಿಸಿ ತೋರಿಸುತ್ತಾನೆ. ನಾಚಿಕೆ, ಮಾನ, ಮಕ್ಕಳ ಭವಿಷ್ಯ ಎಲ್ಲವನ್ನೂ ತೂಗಿನೋಡಿ ಅವಳು ಮಾತನಾಡಲು ಅವಕಾಶ ಕೊಡುತ್ತಾನೆ.

ಜನ್ನನೂ ಬಯಕೆಯ ಹುಟ್ಟನ್ನು ಬೆರಗಿನಿಂದಲೇ ಚಿತ್ರಿಸುತ್ತಾನೆ. ಮಾವುತನ ರೂಪವನ್ನು ಸಖಿ ಹಳಿದಾಗ ರಾಣಿ ಕೊಡುವ ಉತ್ತರದಲ್ಲಿ ವಾದವೂ ಇದೆ. ಆದರೆ ಅವಳು ವಿಷವಿಕ್ಕುವ ಹೊತ್ತಿಗೆ ಅವಳ ಒಳಮಾತು ನಮಗೆ ಕೇಳಿಸದಂತಾಗಿರುತ್ತದೆ. ಕಾರಣ ಕವಿಯ ಸ್ತ್ರೀದ್ವೇಷವಲ್ಲ. ಕೃತಿಯ ಕೇಂದ್ರಪ್ರಶ್ನೆ ಬೇರೆ: ಹಿಟ್ಟಿನ ಕೋಳಿಯನ್ನು ಕಡಿದ ಯಶೋಧರ ಮತ್ತು ಚಂದ್ರಮತಿಯರ ಸಂಕಲ್ಪಹಿಂಸೆ. ಅವರ ಪಾಪಕ್ಕೆ ಭವಭವಗಳ ವಿಚಾರಣೆ ನಡೆಯುತ್ತದೆ, ಬಿಡುಗಡೆಯ ದಾರಿಯೂ ತೆರೆಯುತ್ತದೆ. ಅಮೃತಮತಿಗೆ ಆ ವಿಚಾರಣೆ ಇಲ್ಲ, ತೀರ್ಪು ಮಾತ್ರ ಇದೆ. ಅವಳನ್ನು ಖಂಡಿಸುವುದೂ ಮೆಚ್ಚುವುದೂ ಬೇಡ, ಈ ವ್ಯತ್ಯಾಸವನ್ನು ಮೊದಲು ಗುರುತಿಸೋಣ ಎನ್ನುವುದು ನನ್ನ ಕೋರಿಕೆ. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಈ ಕಥೆಯನ್ನು ರಂಗಕ್ಕೆ ತಂದಾಗ ರಾಣಿಗೆ ಮಾತು ಕೊಡಬೇಕಾಗಿ ಬಂತು. ರಂಗಭೂಮಿಗೆ ಬಂದ ಪಾತ್ರ ಸುಮ್ಮನಿರಲಾರದು. ಅದು ಗ್ರೀಕರು ಕಂಡುಕೊಂಡ ಸತ್ಯವೂ ಹೌದು.

ಇದರ ಜೊತೆಗೆ ನಮ್ಮ ಪರಂಪರೆ ಗ್ರೀಕರಿಗೆ ಇಲ್ಲದ ಒಂದು ಬಾಗಿಲನ್ನು ತೆರೆದಿತ್ತು ಎಂಬುದನ್ನೂ ಹೇಳಬೇಕು. ಗ್ರೀಕ್ ನಾಟಕದ ಸ್ತ್ರೀಗೆ ಸಾಮಾನ್ಯವಾಗಿ ಇರುವ ದಾರಿ ಸಾವು, ಸೆರೆ ಅಥವಾ ಮರಳಿ ಮನೆ. ಮೀಡಿಯಾಳ ಸೂರ್ಯರಥ ದೊಡ್ಡ ಅಪವಾದ. ಜೈನ ರಾಮಾಯಣ ಪರಂಪರೆಯ ಸೀತೆಯಾದರೋ ಅಗ್ನಿಪರೀಕ್ಷೆಯಲ್ಲಿ ಗೆದ್ದ ಮೇಲೆ ರಾಮ ಕರೆದರೂ ಅರಮನೆಗೆ ಮರಳುವುದಿಲ್ಲ. ಕೇಶಲೋಚ ಮಾಡಿಕೊಂಡು ದೀಕ್ಷೆ ವಹಿಸುತ್ತಾಳೆ. ಪಂಪನ ‘ಆದಿಪುರಾಣ’ದ ಬ್ರಾಹ್ಮಿ, ಸೌಂದರಿಯರು ಅಕ್ಷರ, ಅಂಕೆಗಳನ್ನು ಕಲಿತು ದೀಕ್ಷೆಯ ದಾರಿ ಹಿಡಿಯುತ್ತಾರೆ. ಇದನ್ನು ಸ್ತ್ರೀಸ್ವಾತಂತ್ರ್ಯವೆಂದು ಉತ್ಪ್ರೇಕ್ಷಿಸಬೇಕಿಲ್ಲ. ಸ್ತ್ರೀಗೆ ಮುಕ್ತಿ ಇದೆಯೇ ಎಂಬ ಬಗ್ಗೆ ದಿಗಂಬರ, ಶ್ವೇತಾಂಬರರ ನಡುವಿನ ದೀರ್ಘ ವಾದವೇ ಆ ಬಾಗಿಲಿನ ಅಗಲವೆಷ್ಟೆಂಬುದನ್ನು ಹೇಳುತ್ತದೆ. ಆದರೂ ಗಂಡ ಕರೆದಾಗ ‘ಬಾರೆ’ ಎನ್ನುವ ಅವಕಾಶವನ್ನು ಕಥೆಯೊಳಗೇ ಕಲ್ಪಿಸಿಕೊಂಡ ಪರಂಪರೆಯದು.

ಆಕ್ಷೇಪ ಮತ್ತು ಉತ್ತರ

ಗ್ರೀಕರ ಅಳತೆಗೋಲಿನಿಂದ ಕನ್ನಡ ಕಾವ್ಯವನ್ನು ಅಳೆಯುವುದು ಸರಿಯೇ ಎಂದು ಕೇಳಬಹುದು. ಕರ್ಮಸಿದ್ಧಾಂತವೇ ಬೇರೆ, ಗ್ರೀಕರ ವಿಧಿಯೇ ಬೇರೆ. ನಮ್ಮ ಕಾವ್ಯದ ಗುರಿ ಶಾಂತರಸ ಎಂಬ ಆಕ್ಷೇಪಕ್ಕೆ ತೂಕವಿದೆ. ಆದರೆ ಈ ಆಕ್ಷೇಪವನ್ನು ದುರಂತ ನಾಯಕನ ವಿಷಯದಲ್ಲಿ ನಾವು ಎತ್ತಲಿಲ್ಲ. ಅರಿಸ್ಟಾಟಲನ ಅಳತೆ ರಾವಣನಿಗೆ ಒಪ್ಪುವುದಾದರೆ ಯೂರಿಪಿಡೀಸನ ಪ್ರಶ್ನೆ ಅಮೃತಮತಿಗೆ ಏಕೆ ಒಪ್ಪಬಾರದು? ಹೊರಗಿನಿಂದ ಬಂದ ಅಳತೆಗೋಲು ಗಂಡಿಗೆ ಸಲ್ಲುತ್ತದೆ, ಹೆಣ್ಣಿಗೆ ಸಲ್ಲದು ಎನ್ನುವುದು ತೌಲನಿಕ ಅಧ್ಯಯನವಾಗಲಾರದು.

ರಂಗಭೂಮಿಯವರು ಈ ದಿಕ್ಕಿನಲ್ಲಿ ವಿಮರ್ಶಕರಿಗಿಂತ ಮುಂದೆ ನಡೆದಿದ್ದಾರೆ. ಪಿ. ಲಂಕೇಶರು ‘ಈಡಿಪಸ್’ ಜೊತೆಗೆ ‘ಅಂತಿಗೊನೆ’ಯನ್ನೂ ಕನ್ನಡಕ್ಕೆ ತಂದರು. ಯಕ್ಷಗಾನದಲ್ಲಿಯೂ ಕಂಪನಿ ನಾಟಕಗಳಲ್ಲಿಯೂ ಗಂಡಸರೇ ಸ್ತ್ರೀವೇಷ ಕಟ್ಟುತ್ತಿದ್ದ ನಾಡಿದು. ಅಥೆನ್ಸಿನ ರೂಢಿ ನಮಗೆ ಹೊಸದಲ್ಲ. ಅದನ್ನು ತಲೆಕೆಳಗು ಮಾಡಿದವರು ಆರ್. ನಾಗರತ್ನಮ್ಮನವರು. 1958ರಲ್ಲಿ ಹೆಂಗಸರೇ ತುಂಬಿದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ ಕಂಸ, ರಾವಣ, ದುರ್ಯೋಧನರ ಪಾತ್ರಗಳನ್ನು ತಾವೇ ಆಡಿದರು. ವಿಮರ್ಶೆ ದುರಂತ ನಾಯಕರೆಂದು ಕಿರೀಟ ತೊಡಿಸಿದ ಆ ಪುರುಷರ ಗದೆಯನ್ನು ಒಬ್ಬ ಹೆಣ್ಣು ಎತ್ತಿದಾಗ ಪ್ರೇಕ್ಷಕರು ಏನನ್ನು ಕಂಡರು? ನಮ್ಮ ವಿಮರ್ಶೆ ಈ ಪ್ರಶ್ನೆಯ ಮೇಲೆ ದುಡಿಯಬೇಕು. ನಾನಿರುವ ಪದ್ಮನಾಭನಗರದಿಂದ ಜೆ.ಪಿ. ನಗರದ ರಂಗಶಂಕರ ಹೆಚ್ಚು ದೂರವಿಲ್ಲ. ನಗರದ ವಿದ್ಯಾರ್ಥಿಗಳಿಗೆ ನಾಟಕ ನೋಡುವ ಅವಕಾಶ ಸಾಕಷ್ಟಿದೆ. ನೋಡಿದ್ದನ್ನು ಓದಿನೊಂದಿಗೆ ಬೆಸೆಯುವ ಕೆಲಸ ಅಧ್ಯಾಪಕರದು.

ಸಂಶೋಧನೆಗೆ ವಿಷಯ ಹುಡುಕುವ ಕಿರಿಯ ಮಿತ್ರರಿಗೆ ನನ್ನ ಸೂಚನೆ ಸರಳವಾದದ್ದು. ಗ್ರೀಕ್ ನಾಟಕದ್ದಾಗಲಿ ಹಳಗನ್ನಡ ಕಾವ್ಯದ್ದಾಗಲಿ ಸ್ತ್ರೀಪಾತ್ರವೊಂದನ್ನು ಎತ್ತಿಕೊಂಡಾಗ ಅವಳು ಒಳ್ಳೆಯವಳೋ ಕೆಟ್ಟವಳೋ ಎಂಬಲ್ಲಿಂದ ಆರಂಭಿಸಬೇಡಿ. ಅವಳು ಯಾವ ಕಟ್ಟಳೆಯ ಕೆಳಗೆ ನಿಂತಿದ್ದಾಳೆ, ಅವಳ ಮಾತನ್ನು ಕೃತಿಯೊಳಗೆ ಯಾರು ಕೇಳಿಸಿಕೊಳ್ಳುತ್ತಾರೆ, ಅವಳು ಕೃತಿಯಿಂದ ಹೊರಹೋಗುವ ದಾರಿ ಯಾವುದು ಎಂಬ ಮೂರು ಪ್ರಶ್ನೆಗಳನ್ನು ಕೇಳಿ. ಟೆಕ್ಮೆಸಾಳಿಗೆ, ಗಾಂಧಾರಿಗೆ, ಅಮೃತಮತಿಗೆ ಈ ಮೂರನ್ನೂ ಕೇಳಿದ ಪ್ರಬಂಧ ಕನ್ನಡದಲ್ಲಿ ಬರಲಿ. ಬಿ.ಎಂ.ಶ್ರೀ. ರಾವಣನಿಗಾಗಿ ಮಾಡಿದ ಕೆಲಸವನ್ನು ಸೀತೆಗಾಗಿ, ಮಂಡೋದರಿಗಾಗಿ ಮಾಡುವವರು ಮುಂದೆ ಬಂದರೆ ಆ ಹಿರಿಯರ ಓದು ಅಲ್ಲಗಳೆಯಲ್ಪಡುವುದಿಲ್ಲ, ಮುಂದುವರಿಯುತ್ತದೆ.